ಉಚಿತ ‘ಬಿಎಂಡಿ’ ಕ್ಯಾಂಪಿನ ಚೀಟಿ ಎಷ್ಟು ನಂಬಬಹುದು? ತುಮಕೂರು ಕಡೆಯವರಿಗೊಂದು ವಿಮರ್ಶೆ

ತುಮಕೂರಿನಲ್ಲಿ ಕ್ಲಿನಿಕ್ಕು, ಮೆಡಿಕಲ್ ಸ್ಟೋರು, ಸಮುದಾಯ ಭವನಗಳ ಮುಂದೆ ‘ಉಚಿತ ಬಿಎಂಡಿ ತಪಾಸಣೆ’ ಎಂಬ ಬ್ಯಾನರು ಆಗಾಗ ಕಾಣುತ್ತದೆ. ಬಿಎಂಡಿ ಎಂದರೆ ಮೂಳೆಯ ಸಾಂದ್ರತೆ. ಸಾಮಾನ್ಯವಾಗಿ ಔಷಧ ಕಂಪನಿಯವರೇ ಸೂಟ್‌ಕೇಸಿನಷ್ಟು ದೊಡ್ಡ ಯಂತ್ರ ತಂದಿಡುತ್ತಾರೆ. ಸಾಲಿನಲ್ಲಿ ಬಹುಪಾಲು ಐವತ್ತು ದಾಟಿದ ಹೆಂಗಸರು. ಕೆಲವೇ ನಿಮಿಷಗಳಲ್ಲಿ ಕೆಂಪು, ಹಳದಿ, ಹಸಿರು ಪಟ್ಟಿಯ ಚೀಟಿ ಕೈಗೆ ಬರುತ್ತದೆ. ಈ ಸೇವೆಗೆ ನಾವು ಐದಕ್ಕೆ ಎರಡೂವರೆ ಅಂಕ ಕೊಡುತ್ತೇವೆ. ಪರೀಕ್ಷೆ ಸುಳ್ಳು ಎಂದಲ್ಲ. ಅದಕ್ಕೆ ಗೊತ್ತಿಲ್ಲದ್ದನ್ನೂ ಆ ಚೀಟಿಯಿಂದ ಹೇಳಿಸುತ್ತಾರೆ ಎಂಬುದೇ ತಕರಾರು.

ಕ್ಯಾಂಪಿನಲ್ಲಿ ಅಳೆಯುವುದು ಹಿಮ್ಮಡಿ ಮೂಳೆಯೊಂದನ್ನೇ. ಅದೂ ಎಕ್ಸ್-ರೇಯಿಂದಲ್ಲ, ಅಲ್ಟ್ರಾಸೌಂಡಿನಿಂದ. ಶಬ್ದದ ಅಲೆ ಮೂಳೆಯನ್ನು ಎಷ್ಟು ವೇಗವಾಗಿ ದಾಟಿತು, ದಾಟುವಾಗ ಎಷ್ಟು ಕ್ಷೀಣಿಸಿತು ಎಂಬುದನ್ನು ನೋಡಿ ಯಂತ್ರ ಒಂದು ಟಿ-ಸ್ಕೋರು ಹಾಕುತ್ತದೆ, ಅಂದರೆ ಆರೋಗ್ಯವಂತ ಯುವಜನರ ಸರಾಸರಿಗಿಂತ ನಿಮ್ಮ ಮೂಳೆ ಎಷ್ಟು ಮೇಲೆ ಅಥವಾ ಕೆಳಗಿದೆ ಎಂಬ ಅಂಕಿ. ಗೊಂದಲ ಶುರುವಾಗುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಕೊಟ್ಟ ಗಡಿಗಳು ಹೀಗಿವೆ: ಟಿ-ಸ್ಕೋರು ‑1 ಅಥವಾ ಅದಕ್ಕಿಂತ ಮೇಲಿದ್ದರೆ ಸರಿ, ‑1ರಿಂದ ‑2.5ರ ನಡುವೆ ಆಸ್ಟಿಯೊಪೀನಿಯಾ (ಸಾಂದ್ರತೆ ತುಸು ಕಡಿಮೆ), ‑2.5 ಅಥವಾ ಅದಕ್ಕಿಂತ ಕೆಳಗೆ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ). ಇವು ಎಕ್ಸ್-ರೇಯಿಂದ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರದ ಅಳತೆಗೆ ಹೊಂದುವ ಗಡಿಗಳು, ಹಿಮ್ಮಡಿ ಅಲ್ಟ್ರಾಸೌಂಡಿಗೆ ಅಲ್ಲ. ಕ್ಯಾಂಪಿನ ‑2.6 ನೋಡಿ ‘ಮೂಳೆ ಟೊಳ್ಳಾಗಿದೆ’ ಎಂದು ಬರೆದುಕೊಟ್ಟರೆ, ಒಂದು ಯಂತ್ರದ ಸಂಖ್ಯೆಗೆ ಇನ್ನೊಂದು ಯಂತ್ರದ ತೀರ್ಪು ಅಂಟಿಸಿದಂತೆ.

ಅಳತೆಯೂ ಸುಲಭವಾಗಿ ದಾರಿ ತಪ್ಪುತ್ತದೆ. ಗಾಳಿಯಲ್ಲಿ ಈ ಅಲ್ಟ್ರಾಸೌಂಡ್ ಸರಿಯಾಗಿ ಸಾಗುವುದಿಲ್ಲ. ಒಡೆದ ಹಿಮ್ಮಡಿಯ ಬಿರುಕಿನಲ್ಲಿ ಗಾಳಿ ಸೇರಿಕೊಂಡಿದ್ದರೆ, ಜೆಲ್ ಸಾಲದಿದ್ದರೆ ಸಂಖ್ಯೆ ಕೆಡುತ್ತದೆ. ಪಾದ ಊದಿಕೊಂಡಿದ್ದರೂ, ಕಾಲು ತಣ್ಣಗಿದ್ದರೂ, ಪಾದ ತುಸು ಓರೆಯಾಗಿದ್ದರೂ ಫಲಿತಾಂಶ ಬದಲಾಗುತ್ತದೆ. ಸಿಬ್ಬಂದಿ ಹಿಮ್ಮಡಿ ಒರೆಸಿ, ಎರಡೂ ಬದಿಗೆ ಜೆಲ್ ಹಚ್ಚಿ, ಪಾದವನ್ನು ನೇರ ಕೂರಿಸಿದರೇ ನೋಡಿ. ಬೆಳಿಗ್ಗೆ ಫ್ಯಾಂಟಮ್ (ಅಳತೆ ಮೊದಲೇ ಗೊತ್ತಿರುವ ನಮೂನೆ) ಇಟ್ಟು ಯಂತ್ರ ಪರೀಕ್ಷಿಸಿದರೇ ಎಂದೂ ಕೇಳಿ. ಉತ್ತರ ಬಾರದಿದ್ದರೆ ಚೀಟಿಯ ಬೆಲೆ ಇನ್ನಷ್ಟು ಇಳಿಯಿತು.

ಮತ್ತೊಂದು ಮಾತು. ಸಾಲಿನಲ್ಲಿ ನಿಂತವರಲ್ಲಿ ಹಲವರು ಬಂದಿರುವುದು ಮಂಡಿನೋವಿಗೆ. ಮಂಡಿ ಸವೆತ ಬೇರೆ, ಮೂಳೆ ಟೊಳ್ಳಾಗುವುದು ಬೇರೆ. ಟೊಳ್ಳಾದ ಮೂಳೆ ಮುರಿಯುವವರೆಗೂ ನೋಯುವುದಿಲ್ಲ.

ಹಾಗಾದರೆ ಎರಡೂವರೆ ಅಂಕ ಯಾತಕ್ಕೆ? ವಿಕಿರಣವಿಲ್ಲ, ಖರ್ಚಿಲ್ಲ, ಮತ್ತು ಕಡಿಮೆ ಬಂದ ಸಂಖ್ಯೆ ಡೆಕ್ಸಾಗೆ ಹೋಗಲು ಒಳ್ಳೆಯ ನೆಪ. ಆದರೆ ಕೆಲವರು ಕ್ಯಾಂಪಿಗೆ ಕಾಯಲೇಬಾರದು: 65 ದಾಟಿದವರು, 45ಕ್ಕೆ ಮುಂಚೆ ಮುಟ್ಟು ನಿಂತವರು ಅಥವಾ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರು, ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದುಕೊಂಡವರು, ಯೌವನದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕುಗ್ಗಿದವರು, ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ದಿನಕ್ಕೆ 5 ಮಿಲಿಗ್ರಾಂ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ತೆಗೆದುಕೊಂಡವರು. ಕೀಲುನೋವಿಗೆಂದು ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿ ವರ್ಷಗಟ್ಟಲೆ ತಿಂದವರನ್ನೂ ಇಲ್ಲೇ ಸೇರಿಸಿ, ಅಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದುಂಟು. ಇನ್ನು ಸಣ್ಣ ಬೀಳಿಗೇ ಸೊಂಟ (ತೊಡೆಮೂಳೆ ಸೇರುವ ಜಾಗ) ಮುರಿದಿದ್ದರೆ, ಸ್ಕೋರು ಏನೇ ಇರಲಿ, ಅದು ಆಸ್ಟಿಯೊಪೊರೋಸಿಸ್ಸೇ.

ಡೆಕ್ಸಾಗೆ ಫೋನ್ ಮಾಡುವಾಗ ‘ಬಿಎಂಡಿ ಇದೆಯಾ?’ ಎಂದಷ್ಟೇ ಕೇಳಬೇಡಿ, ಹಿಮ್ಮಡಿ ಯಂತ್ರಕ್ಕೂ ಅದೇ ಹೆಸರು ಓಡುತ್ತದೆ. ‘ಡೆಕ್ಸಾ ಸ್ಕ್ಯಾನಾ? ಬೆನ್ನು, ಸೊಂಟ ಎರಡೂ ಮಾಡ್ತೀರಾ? ಹೇಳಿದ ದರ ಎರಡಕ್ಕೂ ಸೇರಿಯಾ?’ ಎಂದು ಕೇಳಿ. ಹಿಂದಿನ 24 ಗಂಟೆ ಕ್ಯಾಲ್ಸಿಯಂ ಮಾತ್ರೆ ಬೇಡ. ಕರಗದೆ ಹೊಟ್ಟೆಯಲ್ಲಿ ಉಳಿದ ಮಾತ್ರೆ ಬೆನ್ನುಮೂಳೆಯ ಲೆಕ್ಕಕ್ಕೆ ಸೇರಿಬಿಡಬಹುದು. ಬೇರಿಯಂ ಕುಡಿಸಿ ಅಥವಾ ಕಾಂಟ್ರಾಸ್ಟ್ ಕೊಟ್ಟು ಸ್ಕ್ಯಾನ್ ಮಾಡಿದ್ದರೆ ಒಂದೆರಡು ವಾರ ಬಿಟ್ಟು ಹೋಗಿ. ಸೀರೆಯ ಸೇಫ್ಟಿ ಪಿನ್, ಸೊಂಟದ ಡಾಬು, ಇಳಿಬಿದ್ದ ಸರ, ಕೀಗೊಂಚಲು ಎಲ್ಲ ತೆಗೆದಿಡಬೇಕು. ವಿಕಿರಣಕ್ಕೆ ಹೆದರಬೇಕಾಗಿಲ್ಲ, ಎದೆಯ ಎಕ್ಸ್-ರೇಗಿಂತಲೂ ಕಡಿಮೆ.

ಮಲಗಿಸುವ ಕ್ರಮವೂ ಗಮನವಿಡಬೇಕಾದದ್ದೇ. ಬೆನ್ನಿನ ಸ್ಕ್ಯಾನಿಗೆ ಮೀನಖಂಡದ ಕೆಳಗೆ ದಿಮ್ಮಿಯಿಟ್ಟು ಕಾಲನ್ನು ಎತ್ತರಿಸುತ್ತಾರೆ, ಬೆನ್ನು ಚಪ್ಪಟೆಯಾಗಲೆಂದು. ಸೊಂಟಕ್ಕೆ ಪಾದವನ್ನು ಒಳಮುಖವಾಗಿ ತಿರುಗಿಸಿ ಕಟ್ಟುತ್ತಾರೆ. ಕಟ್ಟದೆ ಹಾಗೇ ತೆಗೆದ ಸೊಂಟದ ಸ್ಕ್ಯಾನಿಗೆ ಕೊಟ್ಟ ದುಡ್ಡು ದಂಡ.

ವರದಿಯಲ್ಲಿ ಕೆಳಬೆನ್ನಿನ ಎಲ್1ರಿಂದ ಎಲ್4ರವರೆಗಿನ ಬೆನ್ನುಮೂಳೆ, ತೊಡೆಮೂಳೆಯ ಕತ್ತು, ಇಡೀ ಸೊಂಟ, ಈ ಮೂರರ ಟಿ-ಸ್ಕೋರು ಇರಬೇಕು. ಮೂರರಲ್ಲಿ ಅತಿ ಕಡಿಮೆಯದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ವಯಸ್ಸಾದವರಲ್ಲಿ ಬೆನ್ನಿನ ಸಂಖ್ಯೆ ಸುಳ್ಳೇ ಚೆನ್ನಾಗಿ ಕಾಣುವುದುಂಟು. ಸವೆತದಿಂದ ಬೆಳೆದ ಮೂಳೆಮುಳ್ಳು, ಮಹಾಪಧಮನಿಯಲ್ಲಿ ಕಟ್ಟಿದ ಸುಣ್ಣ, ಕುಸಿದು ಒತ್ತಾದ ಕಶೇರುಕ (ಬೆನ್ನುಮೂಳೆಯ ಮಣಿ), ಎಲ್ಲವೂ ಸಾಂದ್ರತೆಯಾಗಿಯೇ ಎಣಿಕೆಯಾಗುತ್ತವೆ.

ನಮ್ಮ ಜಿಲ್ಲೆಗೆ ಇದರ ಮೇಲೆ ಇನ್ನೊಂದು ತೊಡಕು: ಫ್ಲೋರೈಡು. ಪಾವಗಡ, ಶಿರಾ, ಮಧುಗಿರಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಇದೇ ಪಾಡು. ದಶಕಗಟ್ಟಲೆ ಆ ನೀರು ಕುಡಿದವರ ಬೆನ್ನುಮೂಳೆ ಸ್ಕ್ಯಾನಿನಲ್ಲಿ ದಟ್ಟವಾಗಿ ಕಾಣಬಹುದು, ಆದರೆ ದಟ್ಟ ಎಂದರೆ ಗಟ್ಟಿ ಎಂದಲ್ಲ. ಇದಕ್ಕೆ ಸಾಕ್ಷಿ ಅಮೆರಿಕದ ಮೇಯೋ ಕ್ಲಿನಿಕ್‌ನವರು 1990ರಲ್ಲಿ ಪ್ರಕಟಿಸಿದ ಪ್ರಯೋಗ. ಮುಟ್ಟು ನಿಂತ, ಆಸ್ಟಿಯೊಪೊರೋಸಿಸ್ ಇದ್ದ 202 ಹೆಂಗಸರಲ್ಲಿ ಒಂದು ಗುಂಪಿಗೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಕೊಟ್ಟರು. ನಾಲ್ಕು ವರ್ಷದಲ್ಲಿ ಬೆನ್ನಿನ ಸಾಂದ್ರತೆ ಶೇ 35ರಷ್ಟು ಏರಿತು, ಮುಂಗೈಯದು ಶೇ 4ರಷ್ಟು ಇಳಿಯಿತು. ಬೆನ್ನಿನ ಮುರಿತ ಗಣನೀಯವಾಗಿ ತಗ್ಗಲಿಲ್ಲ, ಬೆನ್ನಿನ ಹೊರಗಿನ ಮೂಳೆಮುರಿತ ಹೆಚ್ಚಿತು. ಆದ್ದರಿಂದ ಪಾವಗಡದ ಎಪ್ಪತ್ತರ ಅಜ್ಜಿಗೆ ಬೆನ್ನಿನ ಟಿ-ಸ್ಕೋರು +2 ಬಂದರೆ ಸಿಹಿ ಹಂಚಬೇಡಿ. ಯಾವ ನೀರು ಕುಡಿಯುತ್ತಿದ್ದರು ಎಂಬುದನ್ನು ವೈದ್ಯರಿಗೆ ಹೇಳಿ, ಮುಂಗೈ ಡೆಕ್ಸಾವನ್ನೂ ಬೆನ್ನು ಮತ್ತು ಮುಂಗೈಯ ಎಕ್ಸ್-ರೇಯನ್ನೂ ಮಾಡಿಸಬೇಕೇ ಎಂದು ಕೇಳಿ. ಬರೀ ಸ್ಕೋರು ಓದಿ ‘ನಾರ್ಮಲ್’ ಎನ್ನುವ ವರದಿ ಇಲ್ಲಿ ಎಲ್ಲಕ್ಕಿಂತ ಅಪಾಯಕಾರಿ.

ಸಕ್ಕರೆ ಕಾಯಿಲೆಯವರದ್ದೂ ಹೆಚ್ಚುಕಡಿಮೆ ಇದೇ ಕಥೆ. ಟೈಪ್ 2 ಮಧುಮೇಹದಲ್ಲಿ ಸ್ಕೋರು ಚೆನ್ನಾಗಿದ್ದರೂ ಮುರಿತದ ಅಪಾಯ ಹೆಚ್ಚು. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2008ರಿಂದ ಬಳಕೆಯಲ್ಲಿರುವ ಫ್ರಾಕ್ಸ್ ಲೆಕ್ಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಭಾರತದ ಮಾದರಿಯೂ ಅದರಲ್ಲಿದೆ. ವಯಸ್ಸು, ತೂಕ, ಹಿಂದಿನ ಮುರಿತ, ತಂದೆತಾಯಿಯ ಸೊಂಟ ಮುರಿದಿತ್ತೇ ಎಂಬಂಥ ವಿವರ ತುಂಬಿದರೆ ಮುಂದಿನ ಹತ್ತು ವರ್ಷದ ಅಪಾಯ ಹೇಳುತ್ತದೆ, ಡೆಕ್ಸಾ ಇಲ್ಲದೆಯೂ. ಎಷ್ಟು ಸಲ ಜಾರಿಬಿದ್ದಿದ್ದೀರಿ ಎಂಬುದನ್ನು ಮಾತ್ರ ಅದು ಕೇಳುವುದಿಲ್ಲ. ಒದ್ದೆ ಬಚ್ಚಲು, ಕತ್ತಲ ಮೆಟ್ಟಿಲು, ನಿದ್ದೆಮಾತ್ರೆಯ ವಿಚಾರ ನೀವೇ ವೈದ್ಯರ ಮುಂದೆ ಎತ್ತಬೇಕು.

ಕ್ಯಾಂಪಿನ ಕೊನೆಗೆ ಕೈಗಿಡುವ ಮಾತ್ರೆಗಳ ವಿಷಯ. ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ’ ಎಂದರೆ ಸಿಗುವ ಕ್ಯಾಲ್ಸಿಯಂ 500. ಊಟದ ಜೊತೆ ನುಂಗಬೇಕು, ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಮುಟ್ಟು ನಿಂತವರಿಗೆ ಆಹಾರ, ಮಾತ್ರೆ ಎಲ್ಲ ಸೇರಿ ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ ಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350, ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240. ರಾಗಿಯ ಫೈಟೇಟು ಸ್ವಲ್ಪ ಕ್ಯಾಲ್ಸಿಯಂ ತಡೆಹಿಡಿಯುತ್ತದೆ, ಮೊಳಕೆ ಕಟ್ಟಿದರೆ ಆ ತಡೆ ತಗ್ಗುತ್ತದೆ. ಮುದ್ದೆ, ಮಜ್ಜಿಗೆ ತಪ್ಪದ ಮನೆಯಲ್ಲಿ ದಿನಕ್ಕೆರಡು ಮಾತ್ರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. 60,000 ಯೂನಿಟ್ಟಿನ ವಿಟಮಿನ್ ಡಿ ಸ್ಯಾಶೆ ವಾರಕ್ಕೊಮ್ಮೆ, ವೈದ್ಯರು ಹೇಳಿದಷ್ಟೇ ವಾರ. ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕಿಡ್ನಿ ತೊಂದರೆವರೆಗೂ ಹೋಗುತ್ತದೆ. ಹಾಗೆಂದು ಮೂಳೆ ಈಗಾಗಲೇ ಟೊಳ್ಳಾಗಿದ್ದರೆ ಇವೆರಡೇ ಸಾಲುವುದಿಲ್ಲ. ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆ್ಯಸಿಡ್‌ನಂಥ ಮದ್ದು ಬೇಕೇ ಎಂಬುದನ್ನು ತೀರ್ಮಾನಿಸಬೇಕಾದ್ದು ಡೆಕ್ಸಾ, ಕ್ರಿಯೇಟಿನಿನ್ (ಕಿಡ್ನಿ ಪರೀಕ್ಷೆ), ಕ್ಯಾಲ್ಸಿಯಂ, ವಿಟಮಿನ್ ಡಿ ವರದಿಗಳನ್ನು ಮುಂದಿಟ್ಟುಕೊಂಡ ವೈದ್ಯರು, ಕ್ಯಾಂಪಿನ ಟೇಬಲ್ಲಲ್ಲ.

ಚಿಕಿತ್ಸೆ ಶುರುವಾದ ಮೇಲೆ ಮತ್ತೆ ಡೆಕ್ಸಾ ಮಾಡಿಸುವುದು ಸಾಮಾನ್ಯವಾಗಿ ಒಂದೆರಡು ವರ್ಷಕ್ಕೆ, ಅದೂ ಮೊದಲು ಮಾಡಿಸಿದ ಯಂತ್ರದಲ್ಲೇ. ತುಮಕೂರಿನಲ್ಲೊಮ್ಮೆ, ಬೆಂಗಳೂರಿನಲ್ಲೊಮ್ಮೆ ಮಾಡಿಸಿದ ಎರಡು ವರದಿಗಳನ್ನು ನೇರವಾಗಿ ಹೋಲಿಸಲಾಗದು. ಬರೀ ಸಾರಾಂಶದ ಹಾಳೆ ಸಾಲದು, ಸ್ಕ್ಯಾನಿನ ಚಿತ್ರವಿರುವ ಪುಟಗಳನ್ನೂ ಕೇಳಿ ಪಡೆದು ಫೈಲಿಗೆ ಹಾಕಿ. ಪಾದ ನೇರವಿತ್ತೇ, ಯಾವ ಕಶೇರುಕ ಎಣಿಸಿದ್ದಾರೆ ಎಂಬುದು ಆ ಚಿತ್ರದಲ್ಲೇ ತಿಳಿಯುವುದು.