ಕುಂಡದ ಜುಕಿನಿಗೆ ಯಾವ ತಳಿ: ಬ್ಲ್ಯಾಕ್ ಬ್ಯೂಟಿ, ಬ್ಲ್ಯಾಕ್ ಫಾರೆಸ್ಟ್, ಪಾರ್ಥೆನಾನ್

ಜುಕಿನಿ, ಅಂದರೆ ಸೌತೆಯಂತೆ ಕಾಣುವ ಕುಂಬಳದ ಜಾತಿಯ ತರಕಾರಿ ಬೆಳೆಯಲು ಒಂದೋ ಎರಡೋ ಕುಂಡಕ್ಕೆ ಮಾತ್ರ ಜಾಗವಿದ್ದರೆ ಪಾರ್ಥೆನಾನ್ ತಳಿ ಹಾಕಿ. ಒಂದೇ ಅಳತೆಯ ಕುಂಡ, ಒಂದೇ ಮಣ್ಣು, ಒಂದೇ ಬಿಸಿಲಿನಲ್ಲಿ ಮೂರನ್ನೂ ಬೆಳೆಸಿ ನೋಡಿ ಹೇಳುತ್ತಿರುವ ಮಾತಿದು. ರುಚಿಯ ಲೆಕ್ಕ ಇಲ್ಲಿ ಬರುವುದಿಲ್ಲ, ಎಳೆಯದಾಗಿ ಕೊಯ್ದರೆ ಮೂರೂ ಚೆನ್ನ.

ಬ್ಲ್ಯಾಕ್ ಬ್ಯೂಟಿ ಹಳೆಯ ತಳಿ. ಹೊಸ ತಳಿಗಳನ್ನು ಬೆಳೆಸಿ ಪರೀಕ್ಷಿಸುವ ಅಮೆರಿಕದ ಸಂಸ್ಥೆ ಆಲ್-ಅಮೆರಿಕಾ ಸೆಲೆಕ್ಷನ್ಸ್‌ನ ಪ್ರಶಸ್ತಿಯನ್ನು 1957ರಲ್ಲೇ ಪಡೆದದ್ದು. ಬೀಜ ಅಗ್ಗ, ಪೊಟ್ಟಣದಲ್ಲಿ ಧಾರಾಳವಾಗಿರುತ್ತದೆ, ಹೆಚ್ಚಿನ ಹೊಸಬರು ಕೊಳ್ಳುವುದೂ ಇದನ್ನೇ. ಮೊಳಕೆ, ಬೆಳವಣಿಗೆ, ಎಲೆ ಯಾವುದರಲ್ಲೂ ದೂರಿಲ್ಲ. ತಕರಾರು ಶುರುವಾಗುವುದು ಹೂ ಬಿಟ್ಟ ಮೇಲೆ.

ಜುಕಿನಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಉದ್ದನೆಯ ಸಪೂರ ತೊಟ್ಟಿನ ಮೇಲೆ ನಿಂತದ್ದು ಗಂಡು, ಹೂವಿನ ಬುಡದಲ್ಲೇ ಪುಟ್ಟ ಹೀಚು ಇರುವುದು ಹೆಣ್ಣು. ಮೊದಲ ಕೆಲವು ದಿನ ಸಾಮಾನ್ಯವಾಗಿ ಬರೀ ಗಂಡು ಹೂಗಳೇ ಬಂದು ಉದುರುತ್ತವೆ, ಅದಕ್ಕೆ ಗಾಬರಿ ಬೇಡ. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಲುಪಿದರೇ ಹೀಚು ಬೆಳೆಯುವುದು, ಆದ್ದರಿಂದ ಆಮೇಲೆ ಹೆಣ್ಣು ಹೂ ಅರಳಿದ ದಿನವೇ ಗಂಡೂ ಅರಳಿರಬೇಕು. ತೋಟದಲ್ಲಿ ಹತ್ತು ಗಿಡವಿದ್ದರೆ ಯಾವುದೋ ಒಂದರಲ್ಲಿ ಇದ್ದೇ ಇರುತ್ತದೆ. ಒಂಟಿ ಕುಂಡದಲ್ಲಿ ಇವತ್ತು ಎರಡು ಗಂಡು, ನಾಳೆ ಎರಡು ಹೆಣ್ಣು, ಒಂದಕ್ಕೊಂದು ಭೇಟಿಯೇ ಇಲ್ಲ. ಹೂ ಅರಳಿರುವುದೂ ಬೆಳಗಿನ ಕೆಲವೇ ಗಂಟೆ. ಮಧ್ಯಾಹ್ನದೊಳಗೆ ಮುಚ್ಚಿಕೊಂಡ ಹೆಣ್ಣು ಹೂ ಮತ್ತೆ ಅರಳುವುದಿಲ್ಲ. ಎತ್ತರದ ಬಾಲ್ಕನಿಗೆ ಜೇನ್ನೊಣ ಬರುವುದು ಕಡಿಮೆ, ಮಳೆಯ ದಿನವಂತೂ ಇಲ್ಲವೇ ಇಲ್ಲ.

ಪರಾಗ ಸಿಗದ ಹೀಚು ಎರಡು ಮೂರು ದಿನ ಬೆಳೆಯದೆ ನಿಂತು, ತುದಿಯಿಂದ ಹಳದಿಯಾಗಿ, ಮೆತ್ತಗಾಗಿ ಉದುರುತ್ತದೆ. ಅರೆಬರೆ ಪರಾಗ ಸಿಕ್ಕರೆ ಕಾಯಿ ತೊಟ್ಟಿನ ಕಡೆ ದಪ್ಪ, ತುದಿಯಲ್ಲಿ ಸಣಕಲು. ಇದನ್ನು ರೋಗವೆಂದುಕೊಂಡು ಔಷಧಿ ಹೊಡೆಯುವವರಿದ್ದಾರೆ. ಗೊಬ್ಬರ ಸಾಲದೆಂದು ಯೂರಿಯಾ ಸುರಿಯುವವರೂ ಇದ್ದಾರೆ, ಆಗ ಎಲೆ ಮಾತ್ರ ಛತ್ರಿಯಷ್ಟಾಗುತ್ತದೆ. ಆದರೆ ಚೆನ್ನಾಗಿ ಬೆಳೆಯುತ್ತಿದ್ದ ಕಾಯಿಯ ತುದಿ ಕಪ್ಪಾಗಿ ಒಳಗೆ ಕುಸಿದಿದ್ದರೆ ಕಾರಣ ಬೇರೆ. ಒಂದು ದಿನ ಮಣ್ಣು ಒಣಗಿಸಿ ಮರುದಿನ ನೀರು ಸುರಿದರೆ ಕ್ಯಾಲ್ಸಿಯಂ ಕಾಯಿಯ ತುದಿಯವರೆಗೆ ಸರಿಯಾಗಿ ತಲುಪುವುದಿಲ್ಲ.

ಬ್ಲ್ಯಾಕ್ ಬ್ಯೂಟಿಯೇ ಬೇಕೆನ್ನುವವರು ಕೈಯಾರೆ ಪರಾಗ ಮುಟ್ಟಿಸಬೇಕು. ಬೆಳಿಗ್ಗೆ ಬೇಗ ಹೊಸದಾಗಿ ಅರಳಿದ ಗಂಡು ಹೂವನ್ನು ತೊಟ್ಟು ಸಮೇತ ಕಿತ್ತು, ದಳ ಬಿಡಿಸಿ, ಒಳಗಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ನಡುವಿನ ಅಂಟಂಟು ಗುಬ್ಬಿಗೆ ಎಲ್ಲ ಸುತ್ತಲೂ ಸವರಿ. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು. ಹಿಂದಿನ ಸಂಜೆಯೇ ಮೊಗ್ಗಿನ ತುದಿ ಹಳದಿಗೆ ತಿರುಗಿದ್ದರೆ ಅದು ಮರುದಿನ ಅರಳುತ್ತದೆ ಎಂದು ಲೆಕ್ಕ. ಕೆಲಸ ಅರ್ಧ ನಿಮಿಷದ್ದು. ಆದರೆ ಕಾಯಿ ಬೇಕಾದಷ್ಟು ದಿನವೂ ಅದೇ ಹೊತ್ತಿಗೆ ಕುಂಡದ ಮುಂದೆ ಹಾಜರಿರಬೇಕು. ಕಡು ಬೇಸಿಗೆಯಲ್ಲಿ ಪರಾಗವೇ ಕೆಡುವುದರಿಂದ ಹಾಜರಿದ್ದೂ ಕೆಲವೊಮ್ಮೆ ಕಾಯಿ ಕಚ್ಚುವುದಿಲ್ಲ.

ಪಾರ್ಥೆನಾನ್ ಹೈಬ್ರಿಡ್‌ಗೆ ಈ ಗೋಜಿಲ್ಲ. ಪರಾಗ ಮುಟ್ಟದಿದ್ದರೂ ಹೀಚು ಬಲಿಯುತ್ತದೆ. ಮೊದಲ ಹೆಣ್ಣು ಹೂವಿನಿಂದಲೇ ಕೊಯ್ಲು ಶುರು, ಮೋಡ ಕವಿದ ವಾರದಲ್ಲೂ ನಿಲ್ಲದು. ಜೇನ್ನೊಣ ಬಂದರೂ ನಷ್ಟವಿಲ್ಲ, ಕಾಯೊಳಗೆ ಬೀಜ ಕಾಣಿಸುತ್ತದೆ ಅಷ್ಟೆ. ಒಂದು ಕಿರಿಕಿರಿ ಮಾತ್ರ ಇದೆ. ಬಾಡಿದ ಹೂ ಕಾಯಿಯ ತುದಿಗೇ ಅಂಟಿಕೊಂಡು ಕೂರುತ್ತದೆ. ತೇವದ ದಿನಗಳಲ್ಲಿ ಅಲ್ಲಿಂದಲೇ ಬೂಷ್ಟು ಹಿಡಿದು ಕಾಯಿ ಕೊಳೆಯುವುದರಿಂದ ಬಾಡಿದ ಹೂವನ್ನು ಕೈಯಿಂದ ಮೆಲ್ಲಗೆ ತಿರುವಿ ತೆಗೆದುಬಿಡಿ.

ಬ್ಲ್ಯಾಕ್ ಫಾರೆಸ್ಟ್ ಮೇಲಕ್ಕೆ ಹಬ್ಬಿಸುವ ತಳಿ. ಜಾಗ ಉಳಿಯುತ್ತದೆ ಎಂಬ ಆಸೆಗೆ ಕೊಳ್ಳುತ್ತಾರೆ. ಆದರೆ ಹಾಗಲದಂತೆ ತಾನಾಗಿ ಹಿಡಿದು ಹತ್ತುವುದಿಲ್ಲ, ಗಟ್ಟಿ ಕೋಲಿಗೆ ಮೆತ್ತನೆ ದಾರದಲ್ಲಿ ಆಗಾಗ ಕಟ್ಟುತ್ತಿರಬೇಕು. ಗಾಳಿಗೆ ಕುಂಡ ಸಮೇತ ಮಗುಚುತ್ತದೆ. ಪರಾಗದ ತಾಪತ್ರಯವೂ ತಪ್ಪಿದ್ದಲ್ಲ.

ಕುಂಡದ ವಿಷಯದಲ್ಲಿ ಮೂರಕ್ಕೂ ಒಂದೇ ನಿಯಮ: 40 ಲೀಟರ್, ಬಾಯಿ 45 ಸೆಂ.ಮೀ., ಒಂದು ಕುಂಡಕ್ಕೆ ಒಂದೇ ಗಿಡ. ಬೀಜ 2 ಸೆಂ.ಮೀ. ಆಳಕ್ಕೆ. ದಿನಕ್ಕೆ ಆರು ಗಂಟೆಗಿಂತ ಕಡಿಮೆ ಬಿಸಿಲಿದ್ದರೆ ಬೇರೆ ತರಕಾರಿ ನೋಡಿಕೊಳ್ಳಿ. ದೊಡ್ಡ ಗಿಡ ಬಿಸಿ ದಿನದಲ್ಲಿ 3-4 ಲೀಟರ್ ನೀರು ಸಲೀಸಾಗಿ ಕುಡಿಯುತ್ತದೆ. ನೀರು ಬುಡಕ್ಕೆ ಹಾಕಿ, ಎಲೆಗೆ ಬೇಡ. ಹೂ ಕಂಡ ಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಪೊಟ್ಯಾಷ್ ಹೆಚ್ಚಿರುವ ದ್ರವ ಗೊಬ್ಬರ ಕೊಡಿ. ಎಲೆಯ ನರಗಳ ನಡುವೆ ಬೆಳ್ಳಿಯ ಮಚ್ಚೆ ಕಂಡರೆ ಬೆರಳಿನಿಂದ ಉಜ್ಜಿ ನೋಡಿ. ಪುಡಿ ಅಂಟಿದರೆ ಬೂದಿ ರೋಗ, ಅಂಟದಿದ್ದರೆ ಅದು ಗಿಡದ ಹುಟ್ಟುಬಣ್ಣ.

ಕಾಯಿ 15-20 ಸೆಂ.ಮೀ. ಇದ್ದಾಗಲೇ ಕೊಯ್ಯಿರಿ. ಅರಳಿದ ಹೂವಿನಿಂದ ಅಷ್ಟಾಗಲು ಬಿಸಿ ದಿನಗಳಲ್ಲಿ ಒಂದು ವಾರವೂ ಬೇಡ. ತಿರುಚಿ ಕೀಳಬೇಡಿ, ಬುಡದ ಕಾಂಡವೇ ಸೀಳುತ್ತದೆ. ತುಸು ತೊಟ್ಟು ಉಳಿಸಿ ಚೂರಿಯಲ್ಲಿ ಕತ್ತರಿಸಿ. ಎಲೆಯ ಮರೆಯಲ್ಲಿ ಒಂದು ಕಾಯಿ ಬಲಿತು ದಪ್ಪವಾದರೂ ಗಿಡ ಹೊಸ ಹೀಚು ಬಿಡುವುದನ್ನು ಕಡಿಮೆ ಮಾಡುತ್ತದೆ. ಅದಕ್ಕೇ ದಿನ ಬಿಟ್ಟು ದಿನ ಎಲೆ ಸರಿಸಿ ನೋಡಬೇಕು.

ಬ್ಲ್ಯಾಕ್ ಬ್ಯೂಟಿಯ ಪರವಾಗಿ ಹೇಳುವ ಇನ್ನೊಂದು ಮಾತು, ಅದರ ಬೀಜ ಎತ್ತಿಟ್ಟುಕೊಳ್ಳಬಹುದು ಎಂಬುದು. ನಾನು ಇದನ್ನು ಹೊಸಬರಿಗೆ ಹೇಳುವುದಿಲ್ಲ. ಹತ್ತಿರದಲ್ಲೆಲ್ಲೋ ಅಲಂಕಾರದ ಪುಟ್ಟ ಕುಂಬಳವಿದ್ದರೆ ಜೇನ್ನೊಣ ಎರಡನ್ನೂ ಬೆರೆಸುತ್ತದೆ, ಆ ಬೀಜದಿಂದ ಬಂದ ಗಿಡದ ಕಾಯಿ ಕಡು ಕಹಿಯಾಗಬಹುದು. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗದು. 2015ರಲ್ಲಿ ಜರ್ಮನಿಯಲ್ಲಿ ಮನೆಯಲ್ಲಿ ಬೆಳೆದ ಕಹಿ ಜುಕಿನಿ ತಿಂದು ವೃದ್ಧರೊಬ್ಬರು ಸತ್ತದ್ದುಂಟು. ಯಾವ ತಳಿಯೇ ಇರಲಿ, ಕತ್ತರಿಸಿದ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಉಗುಳಿ ಎಸೆಯಿರಿ.

ಬೆಳಿಗ್ಗೆ ಏಳಕ್ಕೆ ಕುಂಡದ ಹತ್ತಿರ ನಿಲ್ಲುವ ಅಭ್ಯಾಸ ಇರುವವರು, ಮೂರ್ನಾಲ್ಕು ಕುಂಡಕ್ಕೆ ಜಾಗ ಇರುವವರು ಬ್ಲ್ಯಾಕ್ ಬ್ಯೂಟಿ ಬೆಳೆಯಲಿ, ದುಡ್ಡೂ ಉಳಿಯುತ್ತದೆ. ನನಗೆ ಆ ಹೊತ್ತು ಹೊಂದುವುದಿಲ್ಲ, ಆದ್ದರಿಂದ ಪಾರ್ಥೆನಾನ್. ಪೊಟ್ಟಣದಲ್ಲಿ ಬೀಜ ಕಡಿಮೆ, ಬೆಲೆ ಹೆಚ್ಚು ಎನ್ನುವುದು ನಿಜ. ಆದರೆ ಒಂದು ಬೆಳೆಗೆ ಬೇಕಾದದ್ದು ಒಂದೆರಡೇ ಬೀಜ. ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಒಣ ಜಾಗದಲ್ಲಿಟ್ಟರೆ ನಾಲ್ಕು ವರ್ಷದವರೆಗೂ ಮೊಳೆಯುತ್ತದೆ.