ಮೇಲೆ ಪ್ರಿಂಟರ್, ಕೆಳಗೆ ಮಾವ: 14 ತಿಂಗಳ ಅನುಭವ

ನಮ್ಮದು ಹಾಸನದಲ್ಲಿ ಎರಡು ಅಂತಸ್ತಿನ ಮನೆ. ಕೆಳಗೆ ಅತ್ತೆ ಮಾವ, ಮೇಲೆ ನಾವು ಮೂವರು. ಮಗಳಿಗೆ ಪ್ರಾಜೆಕ್ಟ್ ನೆನಪಾಗುವುದು ರಾತ್ರಿ ಒಂಬತ್ತೂವರೆಗೆ. ಜೆರಾಕ್ಸ್ ಅಂಗಡಿ ಬಾಗಿಲು ಹಾಕುವುದು ಒಂಬತ್ತಕ್ಕೆ. ಸಾಕಾಗಿ, ಹೋದ ವರ್ಷ ಸುಮಾರು 14,000 ರೂಪಾಯಿ ಕೊಟ್ಟು, ಬಾಟಲಿಯಿಂದ ಇಂಕ್ ತುಂಬುವ ಇಂಕ್ ಟ್ಯಾಂಕ್ ಪ್ರಿಂಟರ್ ತಂದೆವು. ಪ್ರಿಂಟ್, ಸ್ಕ್ಯಾನ್, ಕಾಪಿ ಮೂರೂ ಆಗುತ್ತದೆ, ವೈಫೈ ಇದೆ. ಕಂಪನಿ ಹೆಸರು ಬೇಡ ಬಿಡಿ.

ಮೊದಲ ದಿನವೇ ಜಗಳ. ಪ್ರಿಂಟರ್ ತೋರಿಸಿದ ಪಟ್ಟಿಯಲ್ಲಿ ಅಕ್ಕಪಕ್ಕದ ಮನೆಯವರ ವೈಫೈ ಎಲ್ಲ ಇದೆ, ನಮ್ಮದೇ ಇಲ್ಲ! ಆಮೇಲೆ ಗೊತ್ತಾಯಿತು, ವೈಫೈ ತರಂಗದಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಬಗೆ, ಇದು 2.4 ಮಾತ್ರ ಹಿಡಿಯುತ್ತದೆ, ನಾವು ಬಳಸುವುದು 5ರದ್ದು. ನಮ್ಮ ರೂಟರ್ ಎರಡನ್ನೂ ಬೇರೆ ಬೇರೆ ಹೆಸರಲ್ಲಿ ಕೊಡುತ್ತದೆ. ಪ್ರಿಂಟರನ್ನು 2.4ಕ್ಕೆ ಸೇರಿಸಿ, ಫೋನುಗಳನ್ನು 5ರಲ್ಲೇ ಬಿಟ್ಟೆವು. ಒಂದೇ ರೂಟರ್ ಆದ್ದರಿಂದ ಏನೂ ತೊಂದರೆ ಆಗಲಿಲ್ಲ. ಆದರೆ ಪಾಸ್‌ವರ್ಡ್ ಹಾಕುವುದು ಇದೆಯಲ್ಲ, ಅದು ಶಿಕ್ಷೆ. ಎರಡು ಸಾಲಿನ ಪುಟಾಣಿ ಪರದೆ, ಬಾಣದ ಗುಂಡಿ ಒತ್ತುತ್ತಾ ಒಂದೊಂದೇ ಅಕ್ಷರ ಹುಡುಕಬೇಕು. ಹನ್ನೊಂದನೇ ಅಕ್ಷರಕ್ಕೆ ಬಂದು ತಪ್ಪು ಒತ್ತಿದೆ, ಮತ್ತೆ ಮೊದಲಿಂದ.

ಒಮ್ಮೆ ಸೇರಿದ ಮೇಲೆ ಫೋನಿಂದ ಪ್ರಿಂಟ್ ಕೊಡುವುದು ಸಲೀಸು. ನನ್ನ ಆಂಡ್ರಾಯ್ಡ್ ತಾನಾಗಿ ಹುಡುಕಿಕೊಂಡಿತು. ಯಜಮಾನರ ಐಫೋನ್ ಏರ್‌ಪ್ರಿಂಟ್ ಎಂಬ ತನ್ನೊಳಗೇ ಇರುವ ವ್ಯವಸ್ಥೆಯ ಮೂಲಕ ಕೊಡುತ್ತದೆ, ಅದಕ್ಕೆ ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಊರಿಂದ ಬಂದ ನಾದಿನಿ ಮಗನ ಫೋನಿಗೆ ಮಾತ್ರ ಪ್ರಿಂಟರ್ ಕಾಣಿಸಲೇ ಇಲ್ಲ. ಅವನಿಗೆ ಗೆಸ್ಟ್ ವೈಫೈ ಕೊಟ್ಟಿದ್ದೆವು. ಅದರಲ್ಲಿದ್ದವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಬೇರೆ ಯಂತ್ರಗಳು ಕಾಣದ ಹಾಗೆ ನಮ್ಮ ರೂಟರ್ ತಡೆಯುತ್ತದೆ.

ಕಾಟ ಕೊಟ್ಟಿದ್ದು ಮಾವನವರ ವಿಂಡೋಸ್ ಲ್ಯಾಪ್‌ಟಾಪ್. ಎರಡು ವಾರ ಚೆನ್ನಾಗಿತ್ತು. ಒಂದು ದಿನ ಕರೆಂಟು ಹೋಗಿ ಬಂತು, ಅಲ್ಲಿಂದ 'ಆಫ್‌ಲೈನ್' ಎಂದು ತೋರಿಸತೊಡಗಿತು. ಪ್ರಿಂಟರ್ ನೋಡಿದರೆ ಆನ್ ಆಗಿಯೇ ಇದೆ, ನನ್ನ ಫೋನಿಂದ ಪ್ರಿಂಟೂ ಬರುತ್ತಿದೆ. ತೆಗೆದು ಮತ್ತೆ ಸೇರಿಸಿದರೆ ಸರಿಹೋಗುತ್ತಿತ್ತು, ಮುಂದಿನ ಸಲ ಕರೆಂಟು ಹೋಗುವವರೆಗೆ. ನಮ್ಮ ಕಡೆ ಕರೆಂಟಿನ ಭರವಸೆ ನಿಮಗೆ ಗೊತ್ತಲ್ವಾ? ಆದದ್ದು ಇಷ್ಟೇ: ಪ್ರತಿ ಸಲ ರೂಟರ್ ಪ್ರಿಂಟರಿಗೆ ಬೇರೆ ಐಪಿ ವಿಳಾಸ (ಮನೆಯ ವೈಫೈಯಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಕೊಡುತ್ತಿತ್ತು, ಲ್ಯಾಪ್‌ಟಾಪ್ ಹಳೇ ವಿಳಾಸದ ಬಾಗಿಲನ್ನೇ ತಟ್ಟುತ್ತಿತ್ತು. ರೂಟರಿನ ಸೆಟ್ಟಿಂಗಿಗೆ ಹೋಗಿ ಪ್ರಿಂಟರಿಗೆ 192.168.1.50 ಎಂದು ಒಂದೇ ವಿಳಾಸ ಕಾಯಂ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಅದೇ ವಿಳಾಸ ಕೊಟ್ಟು ಇನ್ನೊಮ್ಮೆ ಸೇರಿಸಿದೆ. ಹತ್ತು ನಿಮಿಷದ ಕೆಲಸ. ಅದಾದ ಮೇಲೆ ಒಂದು ದಿನವೂ ಆಫ್‌ಲೈನ್ ಆಗಿಲ್ಲ. ಕಸ್ಟಮರ್ ಕೇರಿನವರು ಮೂರು ಸಲವೂ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಮತ್ತೆ ಹಾಕಿ ಎಂದರೇ ಹೊರತು ಇದನ್ನು ಹೇಳಲಿಲ್ಲ.

ನನ್ನ ಪ್ರಕಾರ ಕೊಟ್ಟ ದುಡ್ಡು ವಸೂಲಾಗಿದ್ದು ಪ್ರಿಂಟಿಂದಲ್ಲ, ಸ್ಕ್ಯಾನಿಂದ. ಮಾವನವರ ಹತ್ತಿರ ಜಮೀನಿನ ಹಳೇ ಕಾಗದಗಳ ಒಂದು ಟ್ರಂಕೇ ಇದೆ. ಕೈಬರಹದ ಪಹಣಿ, ಕಂದಾಯ ರಸೀದಿ, ಮಡಿಕೆಯಲ್ಲಿ ಹರಿದ ಕ್ರಯಪತ್ರ. ಗಾಜಿನ ಮೇಲೆ ಒಂದೊಂದನ್ನೇ ಅಂಗೈಯಲ್ಲಿ ಸವರಿ ಮಲಗಿಸಿ, ಮುಚ್ಚಳ ಹಾಕಿ, "ಹಾಂ, ಬಿಡಮ್ಮಾ" ಎನ್ನುತ್ತಾರೆ. ನಾನು ಕುರ್ಚಿಯಲ್ಲಿ ಕೂತು ಫೋನಿಂದಲೇ ಸ್ಕ್ಯಾನ್ ಒತ್ತುತ್ತೇನೆ. ಪ್ರಿಂಟರಿನ ಮೇಲೆಯೂ ಕಂಪ್ಯೂಟರಿಗೆ ಸ್ಕ್ಯಾನ್ ಕಳಿಸುವ ಗುಂಡಿ ಇದೆ. ಆದರೆ ಅತ್ತ ಲ್ಯಾಪ್‌ಟಾಪ್ ಆನ್ ಇರಬೇಕು, ಅದರಲ್ಲಿ ಪ್ರಿಂಟರ್ ಕಂಪನಿಯ ಸಾಫ್ಟ್‌ವೇರ್ ಓಡುತ್ತಿರಬೇಕು. ಯಾರಿಗೆ ಬೇಕು? ಫೋನಿಂದ ಎಳೆದುಕೊಳ್ಳುವುದೇ ವಾಸಿ. ಕಾಗದಪತ್ರಕ್ಕೆ 300 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ) ಧಾರಾಳ. ಮಾವ ಹಟ ಹಿಡಿದರೆಂದು 600ಕ್ಕೆ ಇಟ್ಟು ನೋಡಿದೆ, ದೀಪ ಆಮೆಯ ಹಾಗೆ ತೆವಳಿತು, ಫೈಲ್ ವಾಟ್ಸಾಪಲ್ಲಿ ಹೋಗಲು ಒದ್ದಾಡಿತು.

ಕೊರತೆ ಇಲ್ಲವೆಂದಲ್ಲ. ಹಾಳೆ ತಾನಾಗಿ ಎಳೆದುಕೊಳ್ಳುವ ಫೀಡರ್ ಇಲ್ಲ, 40 ಪುಟ ಸ್ಕ್ಯಾನ್ ಮಾಡಬೇಕೆಂದರೆ 40 ಸಲ ಮುಚ್ಚಳ ಎತ್ತಬೇಕು. ಎರಡೂ ಬದಿ ಪ್ರಿಂಟಿಗೆ ಹಾಳೆ ನಾವೇ ತಿರುಗಿಸಿ ಇಡಬೇಕು. ಬೇಸಿಗೆ ರಜೆಗೆ ಮೂರು ವಾರ ಊರಿಗೆ ಹೋಗಿ ಬಂದರೆ ಇಂಕ್ ಚಿಮ್ಮುವ ನಳಿಕೆ ಕಟ್ಟಿ ಅಕ್ಷರಗಳ ಮೇಲೆ ಬಿಳಿ ಗೀರು. ಕ್ಲೀನಿಂಗ್ ಎರಡು ಸಲ ಓಡಿಸಿದ ಮೇಲೆ ಸರಿಯಾಯಿತು, ಆದರೆ ಅದೂ ಇಂಕ್ ಕುಡಿಯುತ್ತದೆ. ಈಗ ವಾರಕ್ಕೊಂದು ಬಣ್ಣದ ಪುಟ ಸುಮ್ನೆ ತೆಗೆಯುತ್ತೇನೆ. ಇಂಕಿನ ಖರ್ಚು ಮಾತ್ರ ನಿಜಕ್ಕೂ ಕಮ್ಮಿ, ಇಷ್ಟು ದಿನದಲ್ಲಿ ಕಪ್ಪು ಬಾಟಲಿ ಒಂದೇ ಒಂದು ಕೊಂಡಿದ್ದು.

ಮೊನ್ನೆ ಮಾವ ಕೆಳಗಿನಿಂದಲೇ ಪಹಣಿ ಪ್ರಿಂಟ್ ಕೊಟ್ಟು, "ಏನಮ್ಮಾ, ಬಂತೇನಮ್ಮಾ?" ಎಂದು ಕೂಗಿದರು. ಬಂದಿತ್ತು. ಮೆಟ್ಟಿಲು ಇಳಿಯಲು ಬೇಜಾರಾಗಿ ಮಗಳು ಅದನ್ನು ಹೂವಿನ ಬುಟ್ಟಿಯಲ್ಲಿಟ್ಟು, ಹಗ್ಗ ಕಟ್ಟಿ, ಬಾಲ್ಕನಿಯಿಂದ ಇಳಿಸಿದಳು.