ಏರ್ ಲಾಕರ್ ಇರುವವರು ಗಮನಿಸಿ: ಸೀಲ್ ಬದಲಿಸುವ ಮುಂಚೆ ಬ್ರೀದರ್ (ಗಾಳಿ ಹೊರಬಿಡುವ ಕಿಂಡಿ) ನೋಡಿ

ನಿಮ್ಮ ಗಾಡಿಯಲ್ಲಿ ಏರ್ ಲಾಕರ್ (ಗಾಳಿಯ ಒತ್ತಡದಿಂದ ಎರಡೂ ಕಡೆಯ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಕಟ್ಟಿಹಾಕುವ ಸಾಧನ) ಇದ್ದು, ಎಲ್ಲಿಂದಲಾದರೂ ಸ್ವಲ್ಪ ಗೇರ್ ಆಯಿಲ್ ಜಿನುಗುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಅದನ್ನು ಎರಡು ತಿಂಗಳು ಸಣ್ಣ ವಿಷಯ ಅಂತ ಬಿಟ್ಟಿದ್ದೆ. ಕೊನೆಗೆ ಒಂದು ಕಡಿದಾದ ಇಳಿಜಾರಿನಲ್ಲಿ, ಸಡಿಲ ಕಲ್ಲುಗಳ ಮೇಲೆ ಬ್ರೇಕ್ ಒತ್ತಿದಾಗ ಹಿಂದಿನ ಬಲ ಚಕ್ರ ಹಿಡಿಯಲೇ ಇಲ್ಲ. ಗಾಡಿ ಎಡಕ್ಕೆ ಎಳೆದುಕೊಂಡು ಹೋಗಿ ಮಣ್ಣಿನ ದಿಬ್ಬಕ್ಕೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಪಕ್ಕದ ಸೀಟಿನಲ್ಲಿ ನನ್ನ ತಮ್ಮ ಕೂತಿದ್ದ, ಆ ಕ್ಷಣದ ಅವನ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಡ್ರಮ್ ಬಿಚ್ಚಿದಾಗ ಬ್ರೇಕ್ ಶೂ ಪೂರ್ತಿ ಗೇರ್ ಆಯಿಲ್‌ನಲ್ಲಿ ನೆನೆದಿತ್ತು. ಆಕ್ಸಲ್ ಸೀಲ್ (ಚಕ್ರದ ಕಡೆಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ದಾಟಿ ಬಂದ ಆಯಿಲ್ ಅದು. ಆ ಸೀಲನ್ನು ಮೂರು ವಾರದ ಹಿಂದಷ್ಟೇ ಹೊಸದಾಗಿ ಹಾಕಿಸಿದ್ದೆ, ಅದೂ ಎರಡನೇ ಸಲ. ಸೀಲ್ ಕೆಟ್ಟದ್ದಾಗಿರಲಿಲ್ಲ. ತಪ್ಪು ಬೇರೆ ಕಡೆ ಇತ್ತು, ಅಲ್ಲಿ ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಶುರುವಾಗಿದ್ದು ಬಾನೆಟ್ ಒಳಗೆ. ಲಾಕರ್ ಸ್ವಿಚ್ ಆಫ್ ಮಾಡಿದಾಗ ಸೊಲೆನಾಯ್ಡ್‌ನಿಂದ (ಗಾಳಿಯನ್ನು ಬಿಡುವ, ತಡೆಯುವ ವಿದ್ಯುತ್ ವಾಲ್ವ್) ಪುಸ್ ಅಂತ ಗಾಳಿ ಹೊರಗೆ ಬರುತ್ತದೆ, ಅದು ಸಹಜ. ನನ್ನದರಲ್ಲಿ ಆ ಗಾಳಿಯ ಜೊತೆ ಸಣ್ಣ ಆಯಿಲ್ ಹನಿಗಳೂ ಬರತೊಡಗಿದವು. ಸೊಲೆನಾಯ್ಡ್ ಸುತ್ತ ಜಿಡ್ಡು, ಅದರ ಮೇಲೆ ಧೂಳು ಅಂಟಿ ಕಪ್ಪು ಪದರ. ಗ್ಯಾರೇಜಿನಲ್ಲಿ ತೋರಿಸಿದೆ. "ಜೋಡಿಸುವಾಗ ಹಚ್ಚಿದ ಆಯಿಲ್ ಸರ್, ಸ್ವಲ್ಪ ದಿನ ಹಾಗೇ ಬರುತ್ತೆ" ಅಂದರು. ಹೊಸದಾಗಿ ಕೂರಿಸಿದ ಲಾಕರ್‌ನಲ್ಲಿ ಮೊದಲ ಕೆಲವು ಸಲ ಹಾಗೆ ಒಂದೆರಡು ಹನಿ ಬರುವುದು ನಿಜ. ಆದರೆ ನನ್ನದು ಕೂರಿಸಿ ಒಂದು ವರ್ಷದ ಮೇಲಾಗಿತ್ತು! ಆ ಮಾತನ್ನು ಅಲ್ಲೇ ಕೇಳಬೇಕಿತ್ತು, ಕೇಳಲಿಲ್ಲ.

ಆಮೇಲೆ ಅವರು ಮಾಡಿದ ಕೆಲಸ ಪರಿಸ್ಥಿತಿಯನ್ನು ಇನ್ನೂ ಕೆಡಿಸಿತು. ಆಯಿಲ್ ಹೊರಗೆ ಬಂದಿದೆ ಅಂದರೆ ಒಳಗೆ ಕಡಿಮೆಯಾಗಿರಬೇಕು ಅಂತ ಡಿಫ್‌ಗೆ (ಡಿಫರೆನ್ಷಿಯಲ್, ಎಂಜಿನ್ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಗೇರ್ ಭಾಗ, ಲಾಕರ್ ಇರುವುದು ಇದರೊಳಗೆ) ಆಯಿಲ್ ತುಂಬಿದರು. ಗಾಡಿ ನಿಂತಿದ್ದ ನೆಲ ಇಳಿಜಾರಾಗಿತ್ತು. ಫಿಲ್ಲರ್ ರಂಧ್ರದ ಕೆಳ ಅಂಚಿಗೆ ಆಯಿಲ್ ಬರಬೇಕು ಅನ್ನುವ ಲೆಕ್ಕ ಗಾಡಿ ಸಮತಟ್ಟಾಗಿ ನಿಂತಾಗ ಮಾತ್ರ ಸರಿ. ಓರೆಯಾಗಿ ನಿಲ್ಲಿಸಿ ತುಂಬಿದರೆ ಓರೆ ಯಾವ ಕಡೆಗಿದೆ ಅನ್ನುವುದರ ಮೇಲೆ ಕಡಿಮೆಯೋ ಜಾಸ್ತಿಯೋ ಹೋಗುತ್ತದೆ, ನನ್ನದರಲ್ಲಿ ಜಾಸ್ತಿ ಹೋಯಿತು. ಜಾಸ್ತಿ ಆಯಿಲ್ ಅಂದರೆ ಜಾಸ್ತಿ ಬಿಸಿ, ಜಾಸ್ತಿ ನೊರೆ, ಒಳಗಿನ ಗಾಳಿಗೆ ಕಡಿಮೆ ಜಾಗ. ಒಂದು ವಾರದಲ್ಲಿ ಹಿಂದಿನ ಬಲ ಚಕ್ರದ ಒಳಭಾಗ ಒದ್ದೆಯಾಗಿ ಕಾಣತೊಡಗಿತು. ಸೀಲ್ ಬದಲಿಸಿದರು. ಮತ್ತೆ ಒದ್ದೆ. ಮತ್ತೆ ಬದಲಿಸಿದರು. ನಂತರ ಆ ಇಳಿಜಾರು.

ಇಲ್ಲಿ ಸ್ವಲ್ಪ ಒಳಗಿನ ಕತೆ ಹೇಳಲೇಬೇಕು, ಅದು ಗೊತ್ತಿದ್ದರೆ ನಾನು ಮೊದಲ ದಿನವೇ ಅನುಮಾನ ಪಡುತ್ತಿದ್ದೆ. ಕಂಪ್ರೆಸರ್ ಸುಮಾರು 100 ಪಿಎಸ್ಐ ಒತ್ತಡದ ಗಾಳಿ ತಯಾರು ಮಾಡುತ್ತದೆ. ಸ್ವಿಚ್ ಒತ್ತಿದಾಗ ಸೊಲೆನಾಯ್ಡ್ ತೆರೆದು ಆ ಗಾಳಿ ತೆಳ್ಳನೆಯ ನೈಲಾನ್ ಪೈಪಿನಲ್ಲಿ ಡಿಫ್ ಹೌಸಿಂಗ್‌ವರೆಗೆ ಹೋಗುತ್ತದೆ. ಹೌಸಿಂಗ್ ಒಳಗೆ ಒಂದು ಸಣ್ಣ ತಾಮ್ರದ ಕೊಳವೆ. ಅದು ಸೀಲ್ ಹೌಸಿಂಗ್ ಅನ್ನುವ ಬಳೆಯಂಥ ಭಾಗಕ್ಕೆ ಸೇರುತ್ತದೆ. ಆ ಬಳೆ ನಿಂತಲ್ಲೇ ಇರುತ್ತದೆ, ಲಾಕರ್ ಅದರೊಳಗೆ ತಿರುಗುತ್ತಿರುತ್ತದೆ. ನಿಂತ ಭಾಗದಿಂದ ತಿರುಗುವ ಭಾಗಕ್ಕೆ ಗಾಳಿ ದಾಟಬೇಕಲ್ವಾ, ಅದನ್ನು ಸೋರದಂತೆ ಹಿಡಿಯುವುದು ಎರಡು ಓ ರಿಂಗ್‌ಗಳು, ಅಂದರೆ ರಬ್ಬರ್ ಬಳೆಗಳು. ಗಾಳಿ ಅವೆರಡರ ನಡುವಿಂದ ಒಳಗೆ ಹೋಗಿ ಪಿಸ್ಟನ್ ತಳ್ಳುತ್ತದೆ, ಗೇರ್ ಸರಿದು ಕಚ್ಚಿಕೊಳ್ಳುತ್ತದೆ, ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ. ಸ್ವಿಚ್ ಆಫ್ ಮಾಡಿದರೆ ಪೈಪಿನ ಗಾಳಿ ಸೊಲೆನಾಯ್ಡ್ ಮೂಲಕ ಹೊರಗೆ ಹೋಗುತ್ತದೆ, ಸ್ಪ್ರಿಂಗ್‌ಗಳು ಗೇರನ್ನು ಹಿಂದಕ್ಕೆ ತಳ್ಳುತ್ತವೆ.

ಅಂದರೆ ಲಾಕರ್ ಆಫ್ ಇದ್ದಾಗ ಆ ಪೈಪ್ ಹೊರಗಿನ ಗಾಳಿಗೆ ತೆರೆದೇ ಇರುತ್ತದೆ. ಡಿಫ್ ಒಳಗಿನ ಆಯಿಲ್‌ಗೂ ಬಾನೆಟ್ ಒಳಗಿನ ಸೊಲೆನಾಯ್ಡ್‌ಗೂ ನಡುವೆ ಇರುವುದು ಮುಖ್ಯವಾಗಿ ಆ ಎರಡು ಓ ರಿಂಗ್ ಮತ್ತು ಪಿಸ್ಟನ್ ಸೀಲ್ ಅಷ್ಟೇ.

ಈಗ ಬ್ರೀದರ್. ಓಡುವಾಗ ಡಿಫ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಗೆ ಹೋಗಲಿ ಅಂತ ಹೌಸಿಂಗ್ ಮೇಲೆ ಒಂದು ಸಣ್ಣ ಬ್ರೀದರ್ ಇಟ್ಟಿರುತ್ತಾರೆ. ಕೆಸರಿನಲ್ಲಿ ಓಡಿಸಿದ ಮೇಲೆ ಅದರೊಳಗೆ ಮಣ್ಣು ಒಣಗಿ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಆಗ ಹಿಗ್ಗಿದ ಗಾಳಿ ಬೇರೆ ದಾರಿ ಹುಡುಕುತ್ತದೆ. ಓ ರಿಂಗ್ ಸವೆದಿದ್ದರೆ ಆಯಿಲನ್ನು ಏರ್ ಪೈಪಿಗೆ ತಳ್ಳುತ್ತದೆ, ಇಲ್ಲದಿದ್ದರೆ ಆಕ್ಸಲ್ ಸೀಲ್ ಅಥವಾ ಪಿನಿಯನ್ ಸೀಲ್ (ಎಂಜಿನ್ ಕಡೆಯ ಶಾಫ್ಟ್ ಡಿಫ್ ಸೇರುವ ಜಾಗದ ಸೀಲ್) ಮೂಲಕ ಹೊರಗೆ ಬರುತ್ತದೆ. ಆ ಸೀಲ್‌ಗಳು ಇರುವುದು ಎರಚುವ ಆಯಿಲ್ ತಡೆಯುವುದಕ್ಕೆ, ಒತ್ತಡ ತಡೆಯುವುದಕ್ಕಲ್ಲ. ಎಷ್ಟು ಹೊಸ ಸೀಲ್ ಹಾಕಿದರೂ ಅದೇ ಆಗುತ್ತದೆ.

ಇದರ ಉಲ್ಟಾ ದಾರಿಯೂ ಇದೆ, ನನಗೆ ನಿಜವಾಗಿ ಹೊಡೆತ ಕೊಟ್ಟಿದ್ದು ಅದೇ. ಓ ರಿಂಗ್ ಹಾಳಾಗಿದ್ದರೆ ಲಾಕರ್ ಆನ್ ಮಾಡಿದಾಗಲೆಲ್ಲ ಕಂಪ್ರೆಸರ್ ಗಾಳಿ ಹೌಸಿಂಗ್ ಒಳಗೆ ಸೋರುತ್ತದೆ. ಬ್ರೀದರ್ ಸರಿಯಿದ್ದರೆ ಆ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಬ್ರೀದರ್ ಮುಚ್ಚಿದ್ದರೆ ಹೌಸಿಂಗ್ ಬಲೂನಿನ ಹಾಗೆ ಒತ್ತಡ ತುಂಬಿಕೊಳ್ಳುತ್ತದೆ. ನನ್ನದರಲ್ಲಿ ಎರಡೂ ಆಗಿತ್ತು. ಲಾಕರ್ ಹಾಕಿಕೊಂಡು ಕಷ್ಟದ ದಾರಿ ದಾಟಿದೆ, ಹೌಸಿಂಗ್ ಒತ್ತಡ ಏರಿತು, ಹೊಸ ಸೀಲ್ ಬಿಟ್ಟುಕೊಟ್ಟಿತು, ಆಯಿಲ್ ನೇರ ಬ್ರೇಕ್ ಮೇಲೆ. ಅದಾದ ತಕ್ಷಣ ಇಳಿಜಾರು. ಲಾಕರ್ ಬೇಕಾಗುವ ಜಾಗದಲ್ಲೇ ಬ್ರೇಕ್ ಕೂಡ ಜಾಸ್ತಿ ಬೇಕು, ಅದನ್ನು ನೆನೆದರೆ ಈಗಲೂ ಭಯವಾಗುತ್ತದೆ.

ಸುಳಿವು ಮೊದಲೇ ಇತ್ತು. ಲಾಕರ್ ಆನ್ ಇದ್ದಾಗ ಕಂಪ್ರೆಸರ್ ನಿಮಿಷಕ್ಕೊಮ್ಮೆ ತಾನಾಗಿ ಓಡುತ್ತಿತ್ತು. ಸೋರಿಕೆ ಇಲ್ಲದ ವ್ಯವಸ್ಥೆಯಲ್ಲಿ ಒತ್ತಡ ತುಂಬಿದ ಮೇಲೆ ಕಂಪ್ರೆಸರ್ ಸುಮ್ಮನಿರಬೇಕು. ಇನ್ನೊಂದು ಸುಳಿವು, ಸ್ವಿಚ್ ಆಫ್ ಮಾಡಿದ ಮೇಲೂ ಲಾಕರ್ ಬಿಡಲು ತಡ ಮಾಡುತ್ತಿತ್ತು. ಪೈಪಿನಲ್ಲಿ ಗಾಳಿಯ ಬದಲು ಮಂದವಾದ ಆಯಿಲ್ ತುಂಬಿದ್ದರೆ ಅದು ಬೇಗ ಹೊರಗೆ ಹೋಗುವುದಿಲ್ಲ. ಗಟ್ಟಿ ರಸ್ತೆಗೆ ಬಂದ ಮೇಲೂ ತಿರುವಿನಲ್ಲಿ ಗಾಡಿ ನೇರ ಹೋಗಲು ನೋಡುತ್ತಿತ್ತು, ಟೈರ್ ಉಜ್ಜುವ ಸದ್ದು ಬರುತ್ತಿತ್ತು. ಅಂಥ ಹೊತ್ತಿನಲ್ಲಿ ಆಕ್ಸಲ್ ಶಾಫ್ಟ್ ಮುರಿಯುವ ಸಾಧ್ಯತೆಯೂ ಇದೆ.

ಕೊನೆಗೆ ಆಕ್ಸಲ್ ಕೆಲಸ ಬಲ್ಲ ಒಬ್ಬ ಗೆಳೆಯ ಬಂದ. ಎಲ್ಲ ಕೇಳಿಸಿಕೊಂಡು ಅವನು ಹೇಳಿದ ಮೊದಲ ಮಾತು, "ಸೀಲ್ ಬಿಡು, ಬ್ರೀದರ್ ಎಲ್ಲಿದೆ ತೋರಿಸು." ಲಾಕರ್ ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಸ್ಪ್ಯಾನರ್ ಹಾಕಿ ಬ್ರೀದರ್ ಸಡಿಲ ಮಾಡಿದ ಕೂಡಲೇ ಬುಸ್ ಅಂತ ಗಾಳಿ ನುಗ್ಗಿತು, ಜೊತೆಗೆ ಆಯಿಲ್ ನೊರೆ. ಎರಡು ತಿಂಗಳ ತಲೆನೋವಿಗೆ ಉತ್ತರ ಅಷ್ಟು ಹೊತ್ತಿನಲ್ಲಿ ಸಿಕ್ಕಿತು.

ಆಮೇಲೆ ಅವನು ಮಾಡಿ ತೋರಿಸಿದ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ಆಫ್ ಇರಲಿ, ಆಕ್ಸಲ್ ಪೂರ್ತಿ ತಣ್ಣಗಾಗಿರಲಿ. ಬಿಸಿ ಇದ್ದರೆ ಹಿಗ್ಗಿದ ಗಾಳಿಯೇ ಹೊರಗೆ ಬಂದು ದಾರಿ ತಪ್ಪಿಸುತ್ತದೆ. ಬ್ರೀದರ್ ತೆಗೆದು ಆ ಜಾಗಕ್ಕೆ ಒಂದು ಮೆದು ಪೈಪ್ ಬಿಗಿಯಾಗಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಅದ್ದಿ. ಕಂಪ್ರೆಸರ್ ಪೂರ್ತಿ ತುಂಬಿ ನಿಂತ ಮೇಲೆ ಲಾಕರ್ ಆನ್ ಮಾಡಿ. ಮೊದಲು ಒಂದೆರಡು ಗುಳ್ಳೆ ಬಂದರೆ ಚಿಂತೆ ಇಲ್ಲ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಗಾಳಿ ಒಳಗೆ ಸೋರುತ್ತಿದೆ ಅಂತ ಅರ್ಥ: ಸೀಲ್ ಹೌಸಿಂಗ್ ಓ ರಿಂಗ್, ತಾಮ್ರದ ಕೊಳವೆ ಅಥವಾ ಪಿಸ್ಟನ್ ಸೀಲ್, ಈ ಮೂರರಲ್ಲಿ ಒಂದು. ಗುಳ್ಳೆ ಇಲ್ಲ, ಆದರೂ ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತಿದೆ ಅಂದರೆ ಸೋರಿಕೆ ಹೊರಗಿದೆ, ಎಲ್ಲ ಜೋಡಣೆಗಳಿಗೂ ಸೋಪಿನ ನೀರು ಹಚ್ಚಿ ನೋಡಿ. ಲಾಕರ್ ಆಫ್ ಇದ್ದಾಗಲೂ ಓಡಿದರೆ ಕಂಪ್ರೆಸರ್ ಮತ್ತು ಸೊಲೆನಾಯ್ಡ್ ಕಡೆ ಹುಡುಕಬೇಕು, ಡಿಫ್ ಬಿಚ್ಚುವ ಅಗತ್ಯವೇ ಇಲ್ಲ.

ನೈಲಾನ್ ಪೈಪನ್ನು ಕಳಚುವ ಮುಂಚೆ ಒತ್ತಡ ಖಾಲಿ ಮಾಡಿ. 100 ಪಿಎಸ್ಐ ಗಾಳಿಯ ಜೊತೆ ಗೇರ್ ಆಯಿಲ್ ಕಣ್ಣಿಗೆ ಹಾರಿದರೆ ಗತಿಯೇನು, ಕನ್ನಡಕ ಹಾಕಿಕೊಳ್ಳಿ. ಒಂದು ಚಕ್ರ ಮಾತ್ರ ಎತ್ತಿ, ಲಾಕರ್ ಆನ್ ಇಟ್ಟು, ಎಂಜಿನ್‌ನಿಂದ ಚಕ್ರ ತಿರುಗಿಸಿ ನೋಡುವ ಸಾಹಸ ಯಾವತ್ತೂ ಬೇಡ. ನೆಲದಲ್ಲಿರುವ ಚಕ್ರವೂ ಜೊತೆಗೇ ತಿರುಗುತ್ತದೆ, ಗಾಡಿ ಜ್ಯಾಕ್ ಮೇಲಿಂದ ಹಾರುತ್ತದೆ.

ನನ್ನ ಡಿಫ್‌ನಲ್ಲಿ ಗುಳ್ಳೆ ನಿಲ್ಲಲೇ ಇಲ್ಲ. ಬಿಚ್ಚಿದಾಗ ಎರಡು ಓ ರಿಂಗ್‌ಗಳಲ್ಲಿ ಒಂದರ ಅಂಚಿನಲ್ಲಿ ಚಿಕ್ಕ ಕಡಿತ ಕಂಡಿತು. ಕೂರಿಸುವಾಗ ಆಯಿಲ್ ಸವರದೆ ಒಣಗಿದ್ದಂತೆಯೇ ತಳ್ಳಿದರೆ ಹಾಗೆ ಕಡಿಯುತ್ತದೆ ಅಂದ ಗೆಳೆಯ. ಒಂದು ವರ್ಷ ಹೇಗೋ ತಡೆದಿತ್ತು, ಬ್ರೀದರ್ ಮುಚ್ಚಿದ ಮೇಲೆ ತಡೆಯಲಿಲ್ಲ. ಹೊಸ ಓ ರಿಂಗ್ ಹಾಕುವ ಮುಂಚೆ ಅವು ಕೂರುವ ಮೇಲ್ಮೈಯನ್ನು ಉಗುರಿನಿಂದ ಸವರಿ ನೋಡಿದೆವು, ಗೀರು ಇದ್ದರೆ ಹೊಸದೂ ಬೇಗ ಹಾಳಾಗುತ್ತದೆ. ಬೇರಿಂಗ್ ಸಡಿಲವಾಗಿದ್ದರೂ ಅಷ್ಟೇ, ಲಾಕರ್ ಅಲುಗಾಡಿ ಓ ರಿಂಗ್ ಸವೆಸುತ್ತದೆ. ತಾಮ್ರದ ಕೊಳವೆ ಕ್ರೌನ್ ಗೇರಿಗೆ (ಡಿಫ್ ಒಳಗಿನ ದೊಡ್ಡ ಗೇರ್) ಎಲ್ಲೂ ತಾಗದಂತೆ ಬಗ್ಗಿಸಬೇಕು, ಕೈಯಲ್ಲಿ ಪೂರ್ತಿ ಸುತ್ತು ತಿರುಗಿಸಿ ನೋಡಿಯೇ ಮುಚ್ಚಬೇಕು. ಬ್ರೇಕ್ ಕ್ಲೀನರನ್ನು ರಬ್ಬರ್ ಭಾಗಗಳ ಮೇಲೆ ಸಿಂಪಡಿಸಲು ಅವನು ಬಿಡಲೇ ಇಲ್ಲ. ಏರ್ ಜೋಡಣೆಗಳಿಗೆ ಟೆಫ್ಲಾನ್ ಟೇಪ್ ಕೂಡ ಸುತ್ತಬೇಡಿ, ಅದರ ಚೂರು ಸೊಲೆನಾಯ್ಡ್ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ದ್ರವ ರೂಪದ ಥ್ರೆಡ್ ಸೀಲೆಂಟ್ ಸಾಕು.

ಆಯಿಲ್ ಪೂರ್ತಿ ಬದಲಿಸಿದೆವು. ಮುಚ್ಚಿದ ಬ್ರೀದರ್ ಜೊತೆ ಬಿಸಿ ಆಕ್ಸಲ್ ನೀರಿಗೆ ಇಳಿದರೆ ಒಳಗಿನ ಗಾಳಿ ತಕ್ಷಣ ಕುಗ್ಗಿ, ಸೀಲ್‌ಗಳ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ನನ್ನ ಆಯಿಲ್ ಸ್ವಲ್ಪ ಹಾಲಿನ ಬಣ್ಣಕ್ಕೆ ತಿರುಗಿತ್ತು. ಏರ್ ಪೈಪ್ ಮತ್ತು ಸೊಲೆನಾಯ್ಡ್ ಒಳಗಿನ ಹಳೆಯ ಆಯಿಲನ್ನೂ ಊದಿ ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ರಿಪೇರಿ ಆದ ಮೇಲೂ ಹನಿ ಬಂದು ಕೆಲಸ ಸರಿಯಾಗಿಲ್ಲ ಅಂತ ಗಾಬರಿಯಾಗುತ್ತದೆ. ಬ್ರೇಕ್ ಶೂ ಎರಡೂ ಕಡೆ ಹೊಸದು ಹಾಕಿದೆ. ಗೇರ್ ಆಯಿಲ್ ಕುಡಿದ ಶೂ ತೊಳೆದರೆ, ಸುಟ್ಟರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬ್ರೀದರಿಗೆ ಈಗ ಉದ್ದ ಪೈಪ್ ಹಾಕಿ ಬಾನೆಟ್ ಒಳಗೆ ಎತ್ತರಕ್ಕೆ ತಂದಿದ್ದೇನೆ, ತುದಿಗೆ ಸಣ್ಣ ಫಿಲ್ಟರ್ ಇದೆ. ಹಾಗೆ ಮಾಡುವವರು ಪೈಪ್ ಎಲ್ಲೂ ಕೆಳಗೆ ಜೋತು ಬೀಳದಂತೆ ಕಟ್ಟಿ, ಜೋತ ಜಾಗದಲ್ಲಿ ಆಯಿಲ್ ಅಥವಾ ನೀರು ನಿಂತು ಅದೇ ಮುಚ್ಚಳವಾಗುತ್ತದೆ. ಆಕ್ಸಲ್ ಮೇಲೆ ಕೆಳಗೆ ಆಡುವಷ್ಟು ಸಡಿಲವೂ ಇರಲಿ. ಪ್ರತಿ ಸಲ ಕೆಸರಿನಿಂದ ಬಂದ ಮೇಲೆ ಪೈಪಿನ ತುದಿ ಬಾಯಲ್ಲಿಟ್ಟು ಊದಿ ನೋಡುತ್ತೇನೆ, ಗಾಳಿ ಸಲೀಸಾಗಿ ಹೋಗಬೇಕು. ಸೊಲೆನಾಯ್ಡ್ ಬಾಯಿಗೆ ಬಿಳಿ ಬಟ್ಟೆ ಹಿಡಿದು ಲಾಕರ್ ಒಮ್ಮೆ ಆನ್ ಆಫ್ ಮಾಡುತ್ತೇನೆ. ಆರು ತಿಂಗಳಾಯಿತು, ಬಟ್ಟೆ ಒಣಗಿಯೇ ಇದೆ.